ಟೋನ್ ಇರುವ ಭಾಷೆ ಕಟ್ಟುವುದು ಹೇಗೆ? ಕನ್ನಡ ಕಿವಿಯವರಿಗೆ ಒಂದು ಮಾರ್ಗದರ್ಶಿ

ಹೊಸ ಭಾಷೆ ಕಟ್ಟುವ ಹುಚ್ಚು ಈಗ ನಮ್ಮ ಕಡೆಯೂ ಜಾಸ್ತಿಯಾಗಿದೆ. ಕತೆಗೆ ಬೇಕು ಅನ್ನುವವರಿದ್ದಾರೆ, ಗೇಮ್‌ಗೆ ಬೇಕು ಅನ್ನುವವರಿದ್ದಾರೆ, ಸುಮ್ನೆ ಖುಷಿಗೆ ಮಾಡುವವರೂ ಇದ್ದಾರೆ. ಹುಬ್ಬಳ್ಳಿ-ಧಾರವಾಡದಿಂದ, ಗದಗ, ಹಾವೇರಿಯಿಂದ ನನಗೆ ಬರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಚೀನಿ ಭಾಷೆ ಥರ ದನಿ ಏರಿಳಿಸಿದರೆ ಅರ್ಥ ಬದಲಾಗುವ ಭಾಷೆ ಮಾಡಬೇಕು, ಎಲ್ಲಿಂದ ಶುರು ಮಾಡಲಿ?"

ಪ್ರಶ್ನೆಯ ಜೊತೆ ಒಂದು ಪಟ್ಟಿಯೂ ಬರುತ್ತದೆ. ಇನ್ನೂರು ಮುನ್ನೂರು ಪದ, ಪ್ರತಿ ಪದದ ತಲೆ ಮೇಲೆ ಮನಸ್ಸಿಗೆ ಬಂದ ಹಾಗೆ ಒಂದೊಂದು ಟೋನ್. ಅದನ್ನು ತೆಗೆದರೆ ಭಾಷೆಗೆ ಏನೂ ಆಗುವುದಿಲ್ಲ, ಹಾಕಿದರೆ ಏನೂ ಬರುವುದಿಲ್ಲ. ಟೋನ್ ಅಂದರೆ ಕೊನೆಗೆ ಹಾಕುವ ಒಗ್ಗರಣೆ ಅಲ್ಲ. ಅದಕ್ಕೆ ಹುಟ್ಟು ಬೇಕು, ವ್ಯಾಕರಣದಲ್ಲಿ ಕೆಲಸ ಬೇಕು. ಈ ಎರಡನ್ನೂ ಕೊಡುವ ದಾರಿ ಇಲ್ಲಿದೆ. ಉದಾಹರಣೆಗೆ ಒಂದು ಪುಟ್ಟ ಭಾಷೆಯನ್ನು ಇಲ್ಲೇ ಕಟ್ಟುತ್ತಾ ಹೋಗೋಣ, ಅದಕ್ಕೆ "ಕಿಯು" ಅಂತ ಹೆಸರಿಡೋಣ.

ಬೇಕಾದದ್ದು ಬಹಳ ಇಲ್ಲ. ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟ್, ದನಿ ರೆಕಾರ್ಡ್ ಮಾಡುವ ಮೊಬೈಲು, ಇಯರ್‌ಫೋನು, ತಾಳ್ಮೆ ಇರುವ ಒಬ್ಬ ಗೆಳೆಯ ಅಥವಾ ಗೆಳತಿ. ಲ್ಯಾಪ್‌ಟಾಪ್ ಇದ್ದರೆ ಪ್ರಾಟ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ್ದು, ಪುಕ್ಕಟೆ ಸಿಗುತ್ತದೆ.

1. ಮೊದಲು ಕಿವಿ ತಯಾರು ಮಾಡಿ

ಕನ್ನಡದಲ್ಲಿ ಟೋನ್ ಇಲ್ಲ. ಆದರೆ ದನಿಯ ಏರಿಳಿತ ಇದೆ. "ಹೂಂ" ಅನ್ನೋದನ್ನೇ ತಗೊಳ್ಳಿ. ಸಮ ದನಿಯಲ್ಲಿ ಅಂದರೆ "ಕೇಳ್ತಾ ಇದೀನಿ, ಮುಂದೆ ಹೇಳು". ದನಿ ಕೆಳಗಿಳಿದರೆ "ಸರಿ, ಒಪ್ಪಿದೆ". ಮೇಲೇರಿದರೆ "ಏನಂದೆ?" ಇಳಿಸಿ ಎಳೆದು ಮತ್ತೆ ಏರಿಸಿದರೆ "ಇದನ್ನ ನಾ ನಂಬಬೇಕಾ?" ನಾಲ್ಕನ್ನೂ ಒಂದರ ಹಿಂದೆ ಒಂದು ರೆಕಾರ್ಡ್ ಮಾಡಿ ಕೇಳಿ. ಗಂಟಲಿಗೆ ಈ ವಿದ್ಯೆ ಆಗಲೇ ಗೊತ್ತು ಅಲ್ವಾ?

ಆದರೆ ಇದು ಟೋನ್ ಅಲ್ಲ. ಇಲ್ಲಿ ಬದಲಾಗುವುದು ಹೇಳುವವರ ಭಾವ ಮಾತ್ರ. ಭಾಷಾಶಾಸ್ತ್ರದಲ್ಲಿ ಇದಕ್ಕೆ ಇಂಟೊನೇಶನ್ ಅನ್ನುತ್ತಾರೆ, ಅಂದರೆ ಇಡೀ ಮಾತಿಗೆ ಸೇರಿದ ಏರಿಳಿತ. ಟೋನ್ ಅಂದರೆ ಪದದ ಅರ್ಥವನ್ನೇ ಬದಲಿಸುವ ಏರಿಳಿತ. ನೈಜೀರಿಯಾದ ಇಗ್ಬೊ ಭಾಷೆಯಲ್ಲಿ "ಅಕ್ವಾ" ಅನ್ನುವ ಒಂದೇ ರೂಪವಿದೆ. ಎರಡೂ ಅಕ್ಷರ ಮೇಲಿನ ದನಿಯಲ್ಲಿದ್ದರೆ ಅಳು. ಮೇಲೆ ಶುರುವಾಗಿ ಕೆಳಗಿಳಿದರೆ ಬಟ್ಟೆ. ಕೆಳಗಿಂದ ಮೇಲೇರಿದರೆ ಮೊಟ್ಟೆ. ಇಲ್ಲಿ ಹೇಳುವವರು ಸಿಟ್ಟಿನಲ್ಲಿರಲಿ ನಗುತ್ತಿರಲಿ, ಮೊಟ್ಟೆ ಮೊಟ್ಟೆಯೇ.

ಹತ್ತಿರದ ಉದಾಹರಣೆಗಳೂ ಇವೆ. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಪಂಜಾಬಿ, ಡೋಗ್ರಿ, ಮಣಿಪುರಿ, ಬೋಡೊಗಳಲ್ಲಿ ಟೋನ್ ಇದೆ. ಇನ್ನೂ ಹತ್ತಿರ ಬೇಕಾದರೆ ಮುಂಡಗೋಡ. ಹುಬ್ಬಳ್ಳಿಯಿಂದ ಸುಮಾರು 50 ಕಿಲೋಮೀಟರ್ ದೂರದ ಆ ಟಿಬೆಟನ್ ವಸತಿಯಲ್ಲಿ ಲ್ಹಾಸಾ ಕಡೆಯ ಮಾತು ಬಲ್ಲವರು ಸಿಕ್ಕರೆ ಕೇಳಿಸಿಕೊಳ್ಳಿ. ಆ ಮಾತಿಗೆ ಮತ್ತೆ ಬರೋಣ, ನಮ್ಮ ಇಡೀ ಉಪಾಯ ಅಲ್ಲಿದೆ.

ಎಚ್ಚರ: ಸಂಗೀತ ಕಲಿತವರು ಇಲ್ಲಿ ಒಂದು ಹಳ್ಳಕ್ಕೆ ಬೀಳುತ್ತಾರೆ, ಮತ್ತು ಧಾರವಾಡ, ಗದಗದಲ್ಲಿ ಸಂಗೀತ ಕಲಿಯದವರನ್ನು ಹುಡುಕುವುದೇ ಕಷ್ಟ. ಎತ್ತರದ ಟೋನ್ ಅಂದ ತಕ್ಷಣ ಹಾರ್ಮೋನಿಯಂ ತೆಗೆದು "ಇದು ಪಂಚಮ, ಇದು ಷಡ್ಜ" ಅಂತ ಕೂಡಿಸಲು ಹೋಗುತ್ತಾರೆ. ಟೋನ್‌ಗೆ ಶ್ರುತಿ ಇಲ್ಲ. ಗಂಗೂಬಾಯಿ ಹಾನಗಲ್ ಅವರಂಥ ತಗ್ಗಿದ ಗಟ್ಟಿ ಕಂಠದವರು ಆಡುವ ಎತ್ತರದ ಟೋನು ಒಂದು ಸಣ್ಣ ಮಗುವಿನ ತಗ್ಗು ಟೋನಿಗಿಂತಲೂ ಕೆಳಗಿರಬಹುದು. ಆದರೂ ಕೇಳುವವರಿಗೆ ಗೊಂದಲ ಆಗುವುದಿಲ್ಲ. ಅವರು ಅಳೆಯುವುದು ಆ ಒಬ್ಬರ ದನಿಯ ಒಳಗಿನ ಮೇಲು-ಕೆಳಗನ್ನು ಮಾತ್ರ. ಒಂದು ಲಾಭವೂ ಇದೆ ಅನ್ನಿ: ಮೀಂಡ್ ಕೇಳಿ ಪಳಗಿದ ಕಿವಿಗೆ ಜಾರುವ ಟೋನ್ ಬೇಗ ಸಿಗುತ್ತದೆ.

2. ಬರೆದುಕೊಳ್ಳುವ ಗುರುತು ಗೊತ್ತು ಮಾಡಿ

ಯುವೆನ್ ರೆನ್ ಚಾವ್ ಅನ್ನುವ ಚೀನಿ ಭಾಷಾವಿಜ್ಞಾನಿ 1930ರಲ್ಲಿ ಒಂದು ಸರಳ ಅಳತೆ ಕೊಟ್ಟರು. ಮಾತಾಡುವವರ ದನಿಯ ಅತಿ ಕೆಳಗಿನ ಮಟ್ಟ 1, ಅತಿ ಮೇಲಿನದು 5. ನಾವೂ ಅಕ್ಷರದ ಮುಂದೆ ಅದೇ ಅಂಕಿ ಬರೆಯೋಣ. ಪ5 ಅಂದರೆ ಎತ್ತರದ ಪ, ಪ1 ಅಂದರೆ ತಗ್ಗಿನ ಪ, ಪ15 ಅಂದರೆ ಕೆಳಗಿಂದ ಮೇಲಕ್ಕೆ ಏರುವ ಪ.

ಎಷ್ಟು ಟೋನ್ ಇಡಬೇಕು? ಎರಡು ಅಥವಾ ಮೂರು ಸಾಕು. ಉತ್ತರ ವಿಯೆಟ್ನಾಮಿನ ಮಾತಿನಲ್ಲಿ 6 ಇವೆ ಅಂತ ನೀವೂ 6 ಇಡಬೇಡಿ. ಬಾಯಿಗೆ ಬರುವುದಿಲ್ಲ, ತಿಂಗಳಾದ ಮೇಲೆ ನಿಮಗೇ ನೆನಪಿರುವುದಿಲ್ಲ.

3. ಟೋನ್ ಇಲ್ಲದ ಅಜ್ಜಿ ಭಾಷೆ ಮಾಡಿ, ಅದರಿಂದ ಟೋನ್ ಹುಟ್ಟಿಸಿ

ಇದು ಎಲ್ಲಕ್ಕಿಂತ ಮುಖ್ಯ ಹಂತ, ನಿಧಾನವಾಗಿ ಓದಿ.

ಗಂಟಲ ಮೇಲೆ ಬೆರಳಿಟ್ಟು "ಸ್‌ಸ್‌ಸ್" ಅನ್ನಿ, ಆಮೇಲೆ "ಜ್‌ಜ್‌ಜ್" ಅನ್ನಿ. ಎರಡನೆಯದಕ್ಕೆ ಬೆರಳಿಗೆ ನಡುಕ ಗೊತ್ತಾಗುತ್ತದೆ. ಆ ನಡುಕ ಇರುವ ವ್ಯಂಜನ ಘೋಷ, ಇಲ್ಲದ್ದು ಅಘೋಷ. ವರ್ಣಮಾಲೆಯ ಸಾಲಿನಲ್ಲಿ ಕ, ತ, ಪ ಅಘೋಷ. ಗ, ದ, ಬ ಘೋಷ. ಈಗ ಒಂದು ಸಂಗತಿ: ಘೋಷ ವ್ಯಂಜನದ ನಂತರ ಬರುವ ಸ್ವರದ ದನಿ ಸ್ವಲ್ಪ ತಗ್ಗುತ್ತದೆ, ಅಘೋಷದ ನಂತರ ಸ್ವಲ್ಪ ಎತ್ತರ ಇರುತ್ತದೆ. ಕನ್ನಡ ಆಡುವಾಗಲೂ ಹೀಗೇ ಆಗುತ್ತದೆ, ನಮಗೆ ಅದು ಕೇಳಿಸುವುದಿಲ್ಲ, ಯಾಕೆಂದರೆ ಕ-ಗ ವ್ಯತ್ಯಾಸ ನಮಗೆ ವ್ಯಂಜನದಲ್ಲೇ ಸಿಕ್ಕಿಬಿಡುತ್ತದೆ. ಆದರೆ ಒಂದು ಭಾಷೆಯಲ್ಲಿ ನಡುಕ ನಿಧಾನವಾಗಿ ಅಳಿದು ಗ ಕೂಡ ಕ ಆಗಿಬಿಟ್ಟರೆ, ಎರಡು ಪದಗಳನ್ನು ಬೇರೆ ಮಾಡಲು ಉಳಿಯುವುದು ಆ ದನಿಯ ಎತ್ತರ ತಗ್ಗು ಒಂದೇ. ಅಲ್ಲಿಗೆ ಟೋನ್ ಹುಟ್ಟಿತು.

ಇದು ಊಹೆಯ ಮಾತಲ್ಲ. ಪಂಜಾಬಿಯಲ್ಲಿ ಕುದುರೆಗೆ "ಘೋಡಾ" ಅಂತಲೇ ಬರೆಯುತ್ತಾರೆ, ಆದರೆ ಬಾಯಲ್ಲಿ ಬರುವುದು ತಗ್ಗು ದನಿಯ "ಕೋಡಾ". ಸಮ ದನಿಯ "ಕೋಡಾ" ಅಂದರೆ ಚಾಟಿ. ಲ್ಹಾಸಾದ ಟಿಬೆಟನ್ನಿನಲ್ಲೂ ಇದೇ ಕತೆ, ಹಳೆಯ ಘೋಷ ವ್ಯಂಜನ ಇದ್ದಲ್ಲಿ ಈಗ ತಗ್ಗು ಟೋನ್. ಮಜಾ ಅಂದರೆ ಅದೇ ಟಿಬೆಟನ್ನಿನ ಆಮ್ದೋ ಕಡೆಯ ಮಾತಿನಲ್ಲಿ ಟೋನ್ ಇಲ್ಲ, ಅಲ್ಲಿ ಹಳೆಯ ವ್ಯಂಜನಗಳು ಜಾಸ್ತಿ ಉಳಿದುಕೊಂಡಿವೆ. ಒಂದನ್ನು ಕಳೆದುಕೊಂಡವರಿಗೆ ಇನ್ನೊಂದು ಸಿಕ್ಕಿದೆ.

ಪದದ ಬಾಲದಿಂದಲೂ ಟೋನ್ ಹುಟ್ಟುತ್ತದೆ. ಫ್ರಾನ್ಸಿನ ಭಾಷಾವಿಜ್ಞಾನಿ ಓದ್ರಿಕೂರ್ 1954ರಲ್ಲಿ ವಿಯೆಟ್ನಾಮೀಸ್ ಬಗ್ಗೆ ತೋರಿಸಿಕೊಟ್ಟದ್ದು ಇದನ್ನೇ: ಕೊನೆಯಲ್ಲಿ ಗಂಟಲು ಗಕ್ಕನೆ ಮುಚ್ಚುವ ಸದ್ದು ಅಳಿದು ಏರುವ ಟೋನ್ ಬಂತು, ಕೊನೆಯ ಹ್ ಅಳಿದಲ್ಲಿ ಬೀಳುವ ಟೋನ್ ಬಂತು.

ಈಗ ಕಿಯು ಭಾಷೆಗೆ ಬರೋಣ. ಅಜ್ಜಿ ಕಿಯುವಿನ ವ್ಯಂಜನಗಳು: ಪ ತ ಕ, ಬ ದ ಗ, ಸ ಹ, ಮ ನ ಲ ಯ. ಒಟ್ಟು 12. ಸ್ವರಗಳು ಅ ಇ ಉ ಎ ಒ. ಪದದ ಕೊನೆಯಲ್ಲಿ ಬೇಕಾದರೆ ಒಂದು ಕ್ ಬರಬಹುದು. ಇವತ್ತಿನ ಕಿಯುವಿಗೆ ಬರಲು ಮೂರು ಬದಲಾವಣೆ:

ಬ ದ ಗ ಗಳು ಪ ತ ಕ ಆಗುತ್ತವೆ, ಪದವೆಲ್ಲ ತಗ್ಗು. ಮೊದಲಿಂದ ಪ ತ ಕ, ಸ ಹ ಇದ್ದ ಪದಗಳು ಎತ್ತರ. ಮ ನ ಲ ಯ ದಿಂದ ಶುರುವಾಗುವ ಪದಗಳಲ್ಲೂ ಗಂಟಲು ನಡುಗುತ್ತದೆ, ಹಾಗಾಗಿ ಅವೂ ತಗ್ಗು. ಕೊನೆಯ ಕ್ ಬಿದ್ದುಹೋಗಿ ಆ ಪದ ಏರು ಆಗುತ್ತದೆ, ಅದು ಮೊದಲು ಯಾವ ಗುಂಪಿನದೇ ಆಗಿರಲಿ.

ಹಾಗಾಗಿ ಅಜ್ಜಿಯ ತೆಲೊ (ಹೊಲ) ಇವತ್ತು ತೆ5ಲೊ5. ದೆಲೊ (ಬಾವಿ) ಇವತ್ತು ತೆ1ಲೊ1. ತೆಲೊಕ್ (ಹಗ್ಗ) ಇವತ್ತು ತೆ1ಲೊ5. ಒಂದೇ ರೂಪ, ಮೂರು ಅರ್ಥ, ಮತ್ತು ಯಾಕೆ ಅಂತ ಕೇಳಿದರೆ ಹೇಳಲು ಕಾರಣವೂ ಇದೆ.

ಲೆಕ್ಕ ನೋಡಿ. ಅಜ್ಜಿ ಭಾಷೆಯಲ್ಲಿ ಒಂದಕ್ಷರದ ಪದಗಳು 12 ವ್ಯಂಜನ, 5 ಸ್ವರ, ಕ್ ಇದ್ದು ಇಲ್ಲದೆ ಸೇರಿ 120. ಇವತ್ತಿನ ಕಿಯುವಿನಲ್ಲಿ ಉಳಿಯುವುದು 105. ಕ್ ಅಂತ್ಯದ ಪದಗಳಲ್ಲಿ ಪ-ಬ, ತ-ದ, ಕ-ಗ ಒಂದಾಗಿ 15 ಜೋಡಿಗಳು ಬೆರೆತುಹೋದವು. ಅದನ್ನು ಸರಿಪಡಿಸಲು ಹೋಗಬೇಡಿ. ನಿಜವಾದ ಭಾಷೆಗಳಲ್ಲಿ ಹೀಗೇ ಬೆರೆಯುತ್ತವೆ, ಜನ ಎರಡು ಪದ ಜೋಡಿಸಿ ಹೇಳಿ ಗೊಂದಲ ತಪ್ಪಿಸಿಕೊಳ್ಳುತ್ತಾರೆ. ಚೀನಾದ ಮುಖ್ಯ ಭಾಷೆ ಮಾಂಡರಿನ್‌ನಲ್ಲಿ ಜೋಡಿಪದ ಅಷ್ಟೊಂದು ಇರುವುದಕ್ಕೆ ಇದೂ ಒಂದು ಕಾರಣ. ಹಾಗೆಯೇ ಕಿಯುವಿನಲ್ಲಿ ಮ5 ಇಲ್ಲ, ಸ1 ಇಲ್ಲ. ಆ ಖಾಲಿ ಜಾಗಗಳನ್ನು ಬೇರೆ ಭಾಷೆಯಿಂದ ಬಂದ ಪದಗಳಿಗೆ ಬಿಟ್ಟುಕೊಡಿ, ಪದದ ಮೊದಲಿಗೆ ಎತ್ತರದ ಮ ಕೇಳಿದ ತಕ್ಷಣ ಇದು ಹೊರಗಿನ ಪದ ಅಂತ ಗೊತ್ತಾಗುತ್ತದೆ.

4. ಲಿಪಿ: ಕನ್ನಡ ಲಿಪಿಯೇ ಸಾಕು

ಅಂಕಿ ಬರೆದು ಬರೆದು ಬೇಜಾರಾಗುತ್ತದೆ ಅಲ್ವಾ? ಇಲ್ಲೊಂದು ಸುಲಭ ದಾರಿ. ಅಜ್ಜಿ ಭಾಷೆಯ ಕಾಗುಣಿತವನ್ನೇ ಇಟ್ಟುಕೊಳ್ಳಿ. "ತೆಲೊ" ಅಂತ ಬರೆದರೆ ಎತ್ತರ, "ದೆಲೊ" ಅಂತ ಬರೆದರೆ ಬಾಯಲ್ಲಿ ತೆಲೊ, ದನಿ ತಗ್ಗು. "ತೆಲೊಕ್" ಅಂದರೆ ಕ್ ನುಂಗಿ ದನಿ ಏರಿಸಿ. ಗುರುಮುಖಿಯಲ್ಲಿ ಪಂಜಾಬಿ ಬರೆಯುವುದು ಹೀಗೆ, ಟಿಬೆಟನ್ ಬರೆಯುವುದು ಹೀಗೆ, ಥಾಯ್ ಲಿಪಿಯಲ್ಲೂ ವ್ಯಂಜನದ ವರ್ಗ ನೋಡಿಯೇ ಟೋನ್ ಗೊತ್ತು ಮಾಡುತ್ತಾರೆ.

ಎಚ್ಚರ: ಕನ್ನಡದವರಿಗೆ ದ ಕಂಡರೆ ನಾಲಿಗೆ ತಾನಾಗಿಯೇ ದ ಅನ್ನುತ್ತದೆ. ಮೊದಲ ಕೆಲವು ವಾರ ಗಂಟಲ ಮೇಲೆ ಬೆರಳಿಟ್ಟುಕೊಂಡೇ ಓದಿ. ಬ ದ ಗ ದಿಂದ ಬರೆದ ಪದದ ಮೊದಲಿಗೆ ನಡುಕ ಸಿಕ್ಕರೆ ನೀವು ಅಜ್ಜಿ ಭಾಷೆ ಆಡುತ್ತಿದ್ದೀರಿ.

5. ವ್ಯಾಕರಣದಲ್ಲಿ ಟೋನ್‌ಗೆ ಕೆಲಸ ಕೊಡಿ

ಟೋನ್ ಇದ್ದರೆ ಪ್ರತ್ಯಯ ಇರಬಾರದು, ಎಲ್ಲ ಚೀನಿ ಥರ ಬಿಡಿ ಬಿಡಿ ಪದ ಇರಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಆಫ್ರಿಕದ ಬಾಂಟು ಭಾಷೆಗಳಲ್ಲಿ ಹೆಚ್ಚಿನವಕ್ಕೆ ಟೋನೂ ಇದೆ, ಕನ್ನಡವನ್ನು ಮೀರಿಸುವಷ್ಟು ಪ್ರತ್ಯಯಗಳ ಸಾಲೂ ಇದೆ. ಅಮೆರಿಕದ ನವಾಹೊ ಕೂಡ ಹಾಗೆಯೇ.

ಕಿಯುವಿನಲ್ಲಿ "ಅಲ್ಲಿ" ಅನ್ನುವ ಅರ್ಥಕ್ಕೆ -ಮು ಅನ್ನುವ ಪ್ರತ್ಯಯ ಇಡೋಣ. ಅದಕ್ಕೆ ಸ್ವಂತ ಟೋನ್ ಇಲ್ಲ, ಹಿಂದಿನ ಪದದ್ದೇ ಅದಕ್ಕೂ ಹರಡುತ್ತದೆ. ಹೊಲದಲ್ಲಿ: ತೆ5ಲೊ5ಮು5. ಬಾವಿಯಲ್ಲಿ: ತೆ1ಲೊ1ಮು1. ಏರು ಪದದಲ್ಲಿ ಮೇಲಿನ ತುದಿ ಮುಂದೆ ಸರಿದು ಪ್ರತ್ಯಯದ ಮೇಲೆ ಕೂರುತ್ತದೆ. ಹಗ್ಗದಲ್ಲಿ: ತೆ1ಲೊ1ಮು5. ಈಗ ಅವಸರದ ಮಾತಿನಲ್ಲಿ ಏನಾಗುತ್ತದೆ ನೋಡಿ. "ಮಾಡುತ್ತಾನೆ" ನಮ್ಮ ಕಡೆ "ಮಾಡ್ತಾನ" ಆದ ಹಾಗೆ ಇಲ್ಲೂ ಕೊನೆಯ ಉ ಬಿದ್ದು ಮು ಬರೀ ಮ್ ಆಗಲಿ. ಸ್ವರ ಹೋಯಿತು, ಅದರ ಮೇಲಿದ್ದ 5 ಹೋಗುವುದಿಲ್ಲ. ಅದು ಹಿಂದಕ್ಕೆ ಬಂದು ಲೊ ಮೇಲೆ ಹತ್ತುತ್ತದೆ: ತೆ1ಲೊ15ಮ್. ಹೀಗೆ ನೆಲೆ ತಪ್ಪಿ ತೇಲುವ ಟೋನ್‌ಗೆ ಫ್ಲೋಟಿಂಗ್ ಟೋನ್ ಅನ್ನುತ್ತಾರೆ. ಒಂದು ಭಾಷೆಗೆ ಜೀವ ಬರುವುದು ಇಂಥ ಕಡೆ.

ಕ್ರಿಯಾಪದದಲ್ಲಿ ಇನ್ನೂ ದೊಡ್ಡ ಕೆಲಸ ಕೊಡಬಹುದು. ನೈಜೀರಿಯಾದ ಎದೋ ಭಾಷೆಯಲ್ಲಿ ಕ್ರಿಯೆಯ ಕಾಲವನ್ನು ಟೋನ್ ಒಂದರಿಂದಲೇ ಬದಲಾಯಿಸುವುದಿದೆ. ಕಿಯುವಿನಲ್ಲೂ ಹಾಗೆ ಮಾಡೋಣ. ಆದರೆ ಇಲ್ಲೇ ಜನ ಜಾರಿ ಬೀಳುತ್ತಾರೆ. "ಭೂತಕಾಲ ಅಂದರೆ ಇಡೀ ಪದ ತಗ್ಗು" ಅಂತ ನಿಯಮ ಮಾಡಿಬಿಡುತ್ತಾರೆ. ಪು5ನಿ5 ಅಂದರೆ ನೋಡುತ್ತಾನೆ, ಪು1ನಿ1 ಅಂದರೆ ಮಾರುತ್ತಾನೆ ಅಂತಿಟ್ಟುಕೊಳ್ಳಿ. ಆ ನಿಯಮ ಹಚ್ಚಿದರೆ "ನೋಡಿದ", "ಮಾರಿದ", "ಮಾರುತ್ತಾನೆ" ಮೂರೂ ಒಂದೇ ಆಗುತ್ತವೆ. ವ್ಯಾಕರಣದ ಟೋನು ಪದದ ಟೋನನ್ನು ನುಂಗಿಬಿಟ್ಟಿತು.

ಪರಿಹಾರ: ಮೊದಲ ಅಕ್ಷರವನ್ನು ಪದಕ್ಕೆ ಬಿಡಿ, ಕೊನೆಯ ಅಕ್ಷರವನ್ನು ಕಾಲಕ್ಕೆ ಕೊಡಿ. ಭೂತಕಾಲದಲ್ಲಿ ಕೊನೆಯ ಅಕ್ಷರ ಮೊದಲನೆಯದಕ್ಕೆ ವಿರುದ್ಧವಾಗಲಿ. ನೋಡಿದ: ಪು5ನಿ1. ಮಾರಿದ: ಪು1ನಿ5. ನಾಲ್ಕೂ ಬೇರೆ ಬೇರೆ. ಹೀಗೆ ಪಕ್ಕದ್ದಕ್ಕೆ ವಿರುದ್ಧವಾಗಿ ನಿಲ್ಲುವ ಟೋನ್ ಆಫ್ರಿಕದ ಹೌಸಾ ಭಾಷೆಯಲ್ಲೂ ಇದೆ, ನಾವೇನೂ ವಿಚಿತ್ರ ಮಾಡುತ್ತಿಲ್ಲ.

ಇಷ್ಟಕ್ಕೇ ಸಮಾಧಾನ ಪಡಬೇಡಿ. ಏರು ಟೋನಿನ ಕ್ರಿಯಾಪದ ಇದ್ದರೆ ಅದು 1-5, ತಗ್ಗು ಕ್ರಿಯಾಪದದ ಭೂತಕಾಲವೂ 1-5. ಮತ್ತೆ ಡಿಕ್ಕಿ. ನಾನಾದರೆ ಕ್ರಿಯಾಪದಕ್ಕೆ ಏರು ಟೋನ್ ಇಲ್ಲ ಅಂತ ತೀರ್ಮಾನ ಮಾಡಿ ಮುಂದೆ ಹೋಗುತ್ತೇನೆ. ಎಷ್ಟೋ ಆಫ್ರಿಕನ್ ಭಾಷೆಗಳಲ್ಲಿ ನಾಮಪದಕ್ಕೆ ಇರುವಷ್ಟು ಟೋನ್ ಬಗೆಗಳು ಕ್ರಿಯಾಪದಕ್ಕೆ ಇರುವುದಿಲ್ಲ. ಬರವಣಿಗೆಯಲ್ಲಿ ಭೂತಕಾಲಕ್ಕೆ ಅವಗ್ರಹ ಹಾಕಿ: ಪುನಿಽ.

ಪದಗಳ ಕ್ರಮದ ಬಗ್ಗೆ ಒಂದೇ ಮಾತು. ಕರ್ತೃ, ಕರ್ಮ, ಕ್ರಿಯೆ ಅಂತ ಕನ್ನಡದ್ದೇ ಸಾಲು ಇಟ್ಟರೆ ಅದು ಮುಖವಾಡ ಹಾಕಿದ ಕನ್ನಡ ಆಗುತ್ತದೆ. ಕಿಯುವಿನಲ್ಲಿ ಕ್ರಿಯಾಪದ ಮೊದಲು ಬರಲಿ. "ಪುನಿಽ ದೆಲೊ ತೆಲೊಮು", ಅಂದರೆ ಹೊಲದಲ್ಲಿ ಬಾವಿ ನೋಡಿದ. ಬಾಯಲ್ಲಿ: ಪು5ನಿ1 ತೆ1ಲೊ1 ತೆ5ಲೊ5ಮು5.

6. ಟೋನ್ ಸಂಧಿ

ಶಾಲೆಯಲ್ಲಿ ಲೋಪ, ಆಗಮ, ಆದೇಶ ಕಲಿತಿದ್ದೀರಿ. ಟೋನ್‌ಗೂ ಸಂಧಿ ಇದೆ. ಮಾಂಡರಿನ್‌ನಲ್ಲಿ 3ನೇ ಟೋನಿನ ಎರಡು ಅಕ್ಷರ ಒಟ್ಟಿಗೆ ಬಂದರೆ ಮೊದಲನೆಯದು 2ನೇ ಟೋನ್ ಆಗುತ್ತದೆ. ಇದರಿಂದ "ಕುದುರೆ ಕೊಳ್ಳು" ಮತ್ತು "ಕುದುರೆ ಹೂಳು" ಅನ್ನುವ ಎರಡು ಮಾತು ಬಾಯಲ್ಲಿ ಒಂದೇ ಥರ ಕೇಳುತ್ತವೆ. ಚೀನಿಯರು ಅದರಿಂದ ಏನೂ ತೊಂದರೆ ಪಡುತ್ತಿಲ್ಲ.

ಕಿಯುವಿಗೆ ಒಂದೇ ಸಂಧಿ ಸಾಕು: ಜೋಡಿಪದದಲ್ಲಿ ಎರಡು ತಗ್ಗು ಪದ ಸೇರಿದರೆ ಮೊದಲನೆಯದು ಏರು ಆಗುತ್ತದೆ. ಐದಾರು ಸಂಧಿ ನಿಯಮ ಬರೆಯುವವರನ್ನು ನೋಡಿದ್ದೇನೆ, ಅವರ ಭಾಷೆಯಲ್ಲಿ ಒಂದು ವಾಕ್ಯ ಆಡಲು ಪೆನ್ನು ಕಾಗದ ಬೇಕು.

7. ಪ್ರಶ್ನೆ ಕೇಳುವುದು ಹೇಗೆ ಅಂತ ಮೊದಲೇ ಯೋಚಿಸಿ

ನಾವು "ಊಟ ಆಯ್ತು?" ಅಂತ ಕೊನೆಗೆ ದನಿ ಎತ್ತಿದರೆ ಪ್ರಶ್ನೆ ಆಗಿಬಿಡುತ್ತದೆ. ಕಿಯುವಿನಲ್ಲಿ ಹಾಗೆ ಎತ್ತಿದರೆ ಬಾವಿ ಹೋಗಿ ಹಗ್ಗ ಆಗುತ್ತದೆ. ಅದಕ್ಕೇ ಪ್ರಶ್ನೆಗೆ ಒಂದು ಪುಟ್ಟ ಪದ ಬೇಕು. ಮಾಂಡರಿನ್‌ನಲ್ಲಿ ಕೊನೆಗೆ "ಮಾ" ಇದೆ. ಕನ್ನಡದಲ್ಲೂ "ಬಂದನಾ" ಅನ್ನುವಾಗ ಕೊನೆಯ ಆ ಮಾಡುವುದು ಇದೇ ಕೆಲಸ. ಕಿಯುವಿನಲ್ಲಿ ವಾಕ್ಯದ ಮೊದಲಿಗೆ ಹೆ5 ಇಡಿ: "ಹೆ ಪುನಿಽ ದೆಲೊ?", ಬಾವಿ ನೋಡಿದನಾ?

8. ಬಾಯಿಬಿಟ್ಟು ಆಡಿ, ರೆಕಾರ್ಡ್ ಮಾಡಿ, ಪರೀಕ್ಷೆ ಮಾಡಿ

ಕಾಗದದ ಮೇಲೆ ಎಲ್ಲ ಟೋನೂ ಚಂದ. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ.

ತೆಲೊ, ದೆಲೊ, ತೆಲೊಕ್ ಅಂತ ಸಾಲಾಗಿ ಓದಬೇಡಿ. ಪಟ್ಟಿ ಓದುವಾಗ ಎಲ್ಲರ ದನಿಯೂ ಒಂದೊಂದು ಪದಕ್ಕೆ ಮೇಲೇರಿ ಕೊನೆಯದಕ್ಕೆ ಬೀಳುತ್ತದೆ. ಸಂತೆಯಲ್ಲಿ "ಬದನಿಕಾಯಿ, ಹೀರಿಕಾಯಿ, ಮೆಣಸಿನಕಾಯಿ" ಅಂತ ಹೇಳುವವರನ್ನು ಕೇಳಿ, ಗೊತ್ತಾಗುತ್ತದೆ. ನಿಮ್ಮ ಟೋನ್ ಆ ಇಂಟೊನೇಶನ್ ಒಳಗೆ ಮುಳುಗಿಹೋಗುತ್ತದೆ. ಅದರ ಬದಲು ಒಂದೇ ವಾಕ್ಯದ ನಡುವೆ ಪದ ಇಡಿ: "ಪುನಿಽ ___ ತೆಲೊಮು". ಖಾಲಿ ಜಾಗದಲ್ಲಿ ಮೂರನ್ನೂ ಒಂದೊಂದಾಗಿ ಹಾಕಿ ಓದಿ.

ಪ್ರಾಟ್‌ನಲ್ಲಿ ತೆರೆದರೆ ದನಿಯ ಏರಿಳಿತ ಒಂದು ಗೆರೆಯಾಗಿ ಕಾಣುತ್ತದೆ. ಪಿಚ್ ಸೆಟ್ಟಿಂಗ್ ಗಂಡಸರ ದನಿಗೆ 75ರಿಂದ 300 ಹರ್ಟ್ಸ್, ಹೆಂಗಸರ ದನಿಗೆ 100ರಿಂದ 500 ಇಡಿ. ಇದನ್ನು ಬಿಟ್ಟರೆ ಗೆರೆ ಒಮ್ಮೆಲೇ ದುಪ್ಪಟ್ಟು ಮೇಲಕ್ಕೋ ಅರ್ಧಕ್ಕೋ ಹಾರಬಹುದು, ಅದು ನಿಮ್ಮ ಗಂಟಲಿನ ತಪ್ಪಲ್ಲ. ಪ, ತ, ಕ, ಸ ಬಂದಲ್ಲಿ ಗೆರೆ ತುಂಡಾಗುತ್ತದೆ, ಅಲ್ಲಿ ಗಂಟಲು ನಡುಗುವುದೇ ಇಲ್ಲವಲ್ಲ. ಇನ್ನೊಂದು ಸಂಗತಿ ನೋಡಿ ಗಾಬರಿಯಾಗಬೇಡಿ: ಎತ್ತರ, ತಗ್ಗು, ಮತ್ತೆ ಎತ್ತರ ಬಂದರೆ ಎರಡನೇ ಎತ್ತರ ಮೊದಲನೆಯದಕ್ಕಿಂತ ಸ್ವಲ್ಪ ಕೆಳಗಿರಬಹುದು. ಮಾತು ಮುಂದುವರಿದ ಹಾಗೆ ದನಿ ಇಳಿಯುತ್ತಾ ಹೋಗುವುದು ಇಗ್ಬೊ, ಹೌಸಾದಲ್ಲೂ ಇದೆ, ಅದಕ್ಕೆ ಡೌನ್‌ಡ್ರಿಫ್ಟ್ ಅನ್ನುತ್ತಾರೆ. ಪಕ್ಕದ ತಗ್ಗಿಗಿಂತ ಮೇಲಿದ್ದರೆ ಸಾಕು.

ಕೊನೆಗೆ ಗೆಳೆಯನ ಸರದಿ. ಹೊಲ, ಬಾವಿ, ಹಗ್ಗ ಮೂರು ಚೀಟಿ ಅವನ ಮುಂದಿಡಿ. ನಿಮ್ಮ ರೆಕಾರ್ಡಿಂಗುಗಳನ್ನು ಹಿಂದುಮುಂದು ಮಾಡಿ 30 ಸಲ ಕೇಳಿಸಿ, ಅವನು ಚೀಟಿ ತೋರಿಸಲಿ. ಸುಮ್ನೆ ಊಹಿಸಿದರೂ ಹತ್ತರ ಆಸುಪಾಸು ಸರಿಯಾಗುತ್ತದೆ, ಹಾಗಾಗಿ 15 ಬಂತು ಅಂತ ಕುಣಿಯಬೇಡಿ, 25 ದಾಟಬೇಕು. ಒಟ್ಟು ಅಂಕ ನೋಡುವುದಕ್ಕಿಂತ ಯಾವುದನ್ನು ಯಾವುದು ಅಂದುಕೊಂಡ ಅಂತ ಬರೆದುಕೊಳ್ಳಿ. ಬಾವಿ ಮತ್ತು ಹಗ್ಗ ಮತ್ತೆ ಮತ್ತೆ ಅದಲುಬದಲಾದರೆ ನಿಮ್ಮ ಏರು ತಡವಾಗಿ ಏರುತ್ತಿದೆ ಅಂತ ಅರ್ಥ, ಲೊ ಶುರುವಾಗುವಾಗಲೇ ದನಿ ಮೇಲಕ್ಕೆ ತನ್ನಿ. ಹೊಲ ಮತ್ತು ಹಗ್ಗ ಬೆರೆತರೆ ಮೊದಲ ಅಕ್ಷರ ಸಾಕಷ್ಟು ಕೆಳಗಿಲ್ಲ. ಸರಿ ಮಾಡಿ ಮತ್ತೆ ರೆಕಾರ್ಡ್ ಮಾಡಿ, ಆದರೆ ಎರಡನೇ ಸಲ ಬೇರೆ ಯಾರನ್ನಾದರೂ ಕೂರಿಸಿ. ಮೊದಲನೆಯವನು ಅಷ್ಟರಲ್ಲಿ ನಿಮ್ಮ ದನಿಗೆ ಪಳಗಿರುತ್ತಾನೆ.